ರೈಲು ಬಿಟ್ಟುಕೊಟ್ಟ ಕಡಲದಾರಿ

ಇಟಲಿಯ ಒಸ್ಪೆದಲೆತ್ತಿ ಎಂಬ ಪುಟ್ಟ ಊರಿನ ಹಳೇ ರೈಲ್ವೆ ಸ್ಟೇಷನ್ನಿನಿಂದ ಪೂರ್ವಕ್ಕೆ ಸೈಕಲ್ ತುಳಿದರೆ ದಾರಿ ಸ್ವಲ್ಪ ಹೊತ್ತಿಗೇ ಗುಡ್ಡದ ಹೊಟ್ಟೆಯೊಳಗೆ ನುಗ್ಗುತ್ತದೆ. ಅದು ಕಾಪೊ ನೇರೊ, ಅಂದರೆ ಕರಿ ಭೂಶಿರದ ಸುರಂಗ. ಉದ್ದ ಸುಮಾರು 1,750 ಮೀಟರು. ಹೊರಗೆ ಜುಲೈ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ನೆಲಮಾಳಿಗೆಯ ತಂಪು. ಟೈರಿನ ಸರಸರ ಸದ್ದು ಗೋಡೆಗೆ ಬಡಿದು ಹಿಂದಿನಿಂದ ಇನ್ಯಾರೋ ಬರುತ್ತಿದ್ದಾರೇನೋ ಅನ್ನಿಸುತ್ತದೆ. ಗೋಡೆಯುದ್ದಕ್ಕೂ ಮಿಲಾನ್–ಸಾನ್‌ರೆಮೊ ಸೈಕಲ್ ಪಂದ್ಯದ ಚರಿತ್ರೆ. ಓದುತ್ತ ಹೋದರೆ ಒಂದು ನೂರು ವರ್ಷ ಹತ್ತು ನಿಮಿಷದಲ್ಲಿ ಕಳೆಯುತ್ತದೆ. ಆಮೇಲೆ ಒಮ್ಮೆಲೇ ಬೆಳಕು, ಬಲಗಡೆಗೆ ಸಮುದ್ರ, ಎದುರಿಗೆ ಸಾನ್‌ರೆಮೊ.

ಈ ಸುರಂಗವನ್ನು ಸೈಕಲ್ಲಿಗಾಗಿ ಯಾರೂ ಕೊರೆದದ್ದಲ್ಲ. 1872ರಿಂದ 2001ರವರೆಗೆ, ಹತ್ತಿರಹತ್ತಿರ 130 ವರ್ಷ, ಈ ದಂಡೆಯ ಮೇಲೆ ಓಡಿದ್ದು ರೈಲು. ರೈಲಿಗೆ ಏರು ಆಗಿಬರುವುದಿಲ್ಲ, ಹಾಗಾಗಿ ಎಂಜಿನಿಯರುಗಳು ಗುಡ್ಡ ಕಂಡಲ್ಲಿ ಕೊರೆದರು, ತಗ್ಗು ಕಂಡಲ್ಲಿ ತುಂಬಿದರು, ಕಡಲು ಕಂಡಲ್ಲಿ ಗೋಡೆ ಕಟ್ಟಿದರು. ಇವತ್ತು ಅರವತ್ತು ದಾಟಿದ ಅಜ್ಜಿಯೂ ಬುಟ್ಟಿ ಕಟ್ಟಿದ ಸೈಕಲ್ಲಿನಲ್ಲಿ ಉಬ್ಬಸವಿಲ್ಲದೆ ಹೋಗುತ್ತಾಳೆಂದರೆ ಆ ಪುಣ್ಯ ಹಬೆಯ ಎಂಜಿನ್ನಿಗೆ ಸೇರಬೇಕು. ಸಾನ್ ಲೊರೆಂಜೊ ಅಲ್ ಮಾರೆಯಿಂದ ಒಸ್ಪೆದಲೆತ್ತಿಯವರೆಗೆ 24 ಕಿಲೋಮೀಟರು. ಮೆಡಿಟರೇನಿಯನ್ ದಂಡೆಯಲ್ಲಿ ಇಷ್ಟು ಹೊತ್ತು ಹಾರನ್ ಕೇಳದೆ ಸಮುದ್ರದ ಪಕ್ಕದಲ್ಲೇ ಸಾಗುವ ದಾರಿ ಸುಲಭಕ್ಕೆ ಸಿಗುವುದಿಲ್ಲ.

ಹಾಗಂತ ಲಿಗೂರಿಯದ ಈ ಪಶ್ಚಿಮ ಕರಾವಳಿ ಹುಟ್ಟಾ ಶಾಂತವಾದದ್ದೇನೂ ಅಲ್ಲ. ಇಲ್ಲಿನ ಶಾಂತಿ ಹಳೇ ಬಟ್ಟೆಯ ಹಾಗೆ, ಬೇರೆಯವರು ತೊಟ್ಟು ಬಿಟ್ಟದ್ದು. ಇಲ್ಲಿನ ಒಂದೊಂದು ದಾರಿಯೂ ಯಾರದೋ ಅವಸರಕ್ಕೆ ಹುಟ್ಟಿತು, ಆ ಅವಸರ ಇನ್ನೊಂದು ದಾರಿ ಹಿಡಿದಾಗ ಖಾಲಿಯಾಯಿತು.

ಮೊದಲ ಅವಸರ ರೋಮನ್ನರದು. ಗಾಲ್ ಮತ್ತು ಸ್ಪೇನಿನ ಕಡೆಗೆ ಸೈನ್ಯ ಸಾಗಿಸಲು ಕ್ರಿಸ್ತಪೂರ್ವ 13ರಲ್ಲಿ ಚಕ್ರವರ್ತಿ ಆಗಸ್ಟಸ್ ಇಲ್ಲಿ ಒಂದು ಹೆದ್ದಾರಿ ಮಾಡಿಸಿದ. ಅವನದೇ ಹೆಸರಿನಲ್ಲಿ ವಿಯಾ ಜೂಲಿಯಾ ಆಗುಸ್ತಾ. ಅಲ್ಬೆಂಗ ಮತ್ತು ಅಲಾಸ್ಸಿಯೊ ನಡುವೆ ಅದರ ಕಲ್ಲುಹಾಸು ಮತ್ತು ಪಕ್ಕದ ಸಮಾಧಿಗಳು ಈಗಲೂ ನೋಡಲು ಸಿಗುತ್ತವೆ. ಸಾಮ್ರಾಜ್ಯ ಮುಳುಗಿದ ಮೇಲೆ ದಾರಿಯೂ ಹದಗೆಟ್ಟಿತು. ನೂರಾರು ವರ್ಷ ಇಲ್ಲಿನ ಊರುಗಳು ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡೇ ಬದುಕಿದವು. ಆಲ್ಪ್ಸ್ ಪರ್ವತದ ಕಾಲುಗಳು ಸೀದಾ ನೀರಿಗಿಳಿಯುವ ಜಾಗ ಇದು, ಎರಡು ಊರಿನ ಮಧ್ಯೆ ಒಂದೊಂದು ಭೂಶಿರ ಮೂಗು ಚಾಚಿಕೊಂಡು ನಿಂತಿರುತ್ತದೆ. ಜೆನೋವಾದಿಂದ ನೀಸ್‌ಗೆ ಹೋಗುವವರು ದೋಣಿ ಹತ್ತುತ್ತಿದ್ದರು, ಗಾಳಿ ಕೈಕೊಟ್ಟರೆ ಹೇಸರಗತ್ತೆ.

ಗಾಳಿ ಕೈಕೊಟ್ಟವರಲ್ಲಿ ಥಾಮಸ್ ಜೆಫರ್‌ಸನ್ ಒಬ್ಬ. ಮುಂದೆ ಅಮೆರಿಕದ ಅಧ್ಯಕ್ಷನಾದ ಈತ 1787ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ದೇಶದ ರಾಯಭಾರಿ. ಉತ್ತರ ಇಟಲಿಯ ಭತ್ತದ ಗದ್ದೆಗಳನ್ನು ನೋಡಲು ಬಂದಿದ್ದ. ಪೀಡ್ಮಾಂಟಿನ ಭತ್ತ ಹೊರಗೆ ಒಯ್ಯುವುದಕ್ಕೆ ಮರಣದಂಡನೆ ಎಂದು ಗೊತ್ತಿದ್ದೂ ಕೋಟಿನ ಜೇಬುಗಳ ತುಂಬ ಬಿತ್ತನೆ ಭತ್ತ ತುಂಬಿಕೊಂಡ. ಸಾಲದ್ದಕ್ಕೆ ಇನ್ನೊಂದು ಮೂಟೆಯನ್ನು ಜೆನೋವಾಕ್ಕೆ ಕಳ್ಳತನದಲ್ಲಿ ಸಾಗಿಸಲು ಪೊಜ್ಜೊ ಎಂಬ ಹೇಸರಗತ್ತೆಯವನನ್ನು ಗೊತ್ತುಮಾಡಿದ. ಜೆನೋವಾದಲ್ಲಿ ದೋಣಿ ಹತ್ತಿದ್ದೇ ತಡ ಹೊಟ್ಟೆ ತೊಳಸಿ ಹೈರಾಣಾಗಿ ನೋಲಿ ಎಂಬ ಬೆಸ್ತರ ಊರಿನಲ್ಲಿ ಇಳಿದುಬಿಟ್ಟ. ಅಲ್ಲಿಂದ ಅಲ್ಬೆಂಗ, ಒನೇಲ್ಯ, ಸಾನ್‌ರೆಮೊ ಹಾಯ್ದು ನೀಸ್‌ವರೆಗೆ ಬಂಡೆಗಳ ಅಂಚಿನ ಕಾಲುದಾರಿಯಲ್ಲಿ ಹೇಸರಗತ್ತೆಯ ಬೆನ್ನೇ ಗತಿಯಾಯಿತು.

ದಾರಿಯ ಟಿಪ್ಪಣಿಗಳಲ್ಲಿ ಅವನು ಬರೆದಿಟ್ಟ ಒಂದು ವಿಚಾರ ಇವತ್ತು ಓದಿದರೆ ನಗು ಬರುತ್ತದೆ. ಈ ಕಡಲಂಚಿನಲ್ಲಿ ಒಂದು ಭರ್ಜರಿ ರಸ್ತೆ ಮಾಡಬಹುದಲ್ಲ, ಮಾಡಿದರೆ ಪ್ರಯಾಣಿಕರು ಆಲ್ಪ್ಸ್ ಹತ್ತಿಳಿಯದೆ ಇಟಲಿಗೆ ಬರಬಹುದು, ಒಂಟಿಒಂಟಿಯಾಗಿರುವ ಹಳ್ಳಿಗಳೆಲ್ಲ ಕೂಡಿಕೊಂಡು ಮುಂದೊಂದು ಕಾಲಕ್ಕೆ ದಾರಿಯುದ್ದಕ್ಕೂ ಒಂದೇ ಊರಾಗಬಹುದು ಎಂಬುದು ಅವನ ಲೆಕ್ಕ. ಮನುಷ್ಯ ಕೆಟ್ಟದ್ದಾಗಲೆಂದು ಹೇಳಿದ್ದಲ್ಲ. ಆದರೆ ಭವಿಷ್ಯ ಇಷ್ಟು ಕರಾರುವಾಕ್ಕಾಗಿ ಹೇಳಿದವರು ಕಡಿಮೆ.

ರಸ್ತೆ ಬಂದೇ ಬಂತು. ನೆಪೋಲಿಯನ್ನನ ಕಾಲದಲ್ಲಿ ಶುರುವಾದ ಕೆಲಸ ಸವೋಯ್ ಅರಸರ ಕಾಲದಲ್ಲಿ ಮುಂದುವರಿದು ಕುದುರೆಗಾಡಿ ಓಡುವಂತಾಯಿತು. ಗಾಡಿಯ ಹಿಂದೆಯೇ ಬಂದವರು ಇಂಗ್ಲಿಷರು. ಅವರನ್ನು ಕರೆತಂದದ್ದು ಒಂದು ಕಾದಂಬರಿ ಎನ್ನುವ ಮಾತಿದೆ, ಅದು ಪೂರ್ತಿ ಉತ್ಪ್ರೇಕ್ಷೆಯಲ್ಲ. ಜೋವಾನ್ನಿ ರುಫೀನಿ ಎಂಬ ದೇಶಭ್ರಷ್ಟ ಇಟಾಲಿಯನ್ 1855ರಲ್ಲಿ ಇಂಗ್ಲಿಷಿನಲ್ಲೇ ‘ಡಾಕ್ಟರ್ ಆಂತೋನಿಯೊ’ ಬರೆದ. ಬೋರ್ದಿಗೇರದ ಹತ್ತಿರ ಗಾಡಿ ಉರುಳಿ ಕಾಲು ಮುರಿದುಕೊಂಡ ಇಂಗ್ಲಿಷ್ ಹುಡುಗಿ, ಆರೈಕೆ ಮಾಡುವ ಸ್ಥಳೀಯ ವೈದ್ಯ, ಸುತ್ತ ಆಲಿವ್ ತೋಟ ಮತ್ತು ನೀಲಿ ಸಮುದ್ರ. ಲಂಡನ್ನಿನ ಮಂಜಿನಲ್ಲಿ ಕೆಮ್ಮುತ್ತ ಕೂತವರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಆಗ ಇಲ್ಲಿ ಸೀಸನ್ ಅಂದರೆ ಚಳಿಗಾಲ. ಶ್ವಾಸಕೋಶದ ರೋಗಿಗಳು ನವೆಂಬರಿಗೆ ಬಂದು ವಸಂತ ಕಳೆದ ಮೇಲೆ ಹೊರಡುತ್ತಿದ್ದರು. ಬೇಸಿಗೆಯಲ್ಲಿ ಕಡಲಿಗೆ ಬೀಳುವ ಹುಚ್ಚು ಶುರುವಾದದ್ದು ಎಷ್ಟೋ ಕಾಲದ ಮೇಲೆ.

1872ರ ಜನವರಿ 25ರಂದು ರೈಲು ಬಂತು. ಸವೋನದಿಂದ ಫ್ರೆಂಚ್ ಗಡಿಯ ವೆಂತಿಮಿಲ್ಯವರೆಗೆ ಒಂಟಿ ಹಳಿ. ಬೆಟ್ಟ ಮತ್ತು ನೀರಿನ ನಡುವೆ ಇದ್ದದ್ದೇ ಗೇಣಗಲ ಜಾಗ, ಊರುಗಳು ಅದನ್ನು ಆಗಲೇ ಹಿಡಿದಿದ್ದವು. ಹಾಗಾಗಿ ಹಳಿಯನ್ನು ಊರಿಗೂ ಸಮುದ್ರಕ್ಕೂ ಮಧ್ಯೆ ತುರುಕಿದರು. ದೋಣಿ ಎಳೆಯಲು ಹೋಗುವ ಬೆಸ್ತನೂ ಗೇಟು ತೆಗೆಯುವವರೆಗೆ ಕಾಯುವ ಸ್ಥಿತಿ. ಆದರೆ ಆ ಕಾಲಕ್ಕೆ ಅದನ್ನು ದೊಡ್ಡ ನಷ್ಟ ಎಂದು ಯಾರೂ ಎಣಿಸಿದಂತಿಲ್ಲ. ರೈಲು ಅಂದರೆ ದುಡ್ಡು, ದುಡ್ಡು ಅಂದರೆ ಹೋಟೆಲು.

ಬಂದವರ ಪಟ್ಟಿ ಸಣ್ಣದಲ್ಲ. ರಷ್ಯದ ಸಾಮ್ರಾಜ್ಞಿ ಮಾರಿಯಾ ಅಲೆಕ್ಸಾಂದ್ರೋವ್ನ 1874–75ರ ಚಳಿಗಾಲ ಸಾನ್‌ರೆಮೊದಲ್ಲಿ ಕಳೆದಳು. ಅವಳ ನೆನಪಿಗೆ ತಾಳೆಮರಗಳ ಸಾಲಿನ ಬೀದಿಗೆ ಕೋರ್ಸೊ ಇಂಪೆರಾತ್ರಿಚೆ ಎಂದು ಹೆಸರಿದೆ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್ ಗಂಟಲ ಕ್ಯಾನ್ಸರ್ ಹೊತ್ತು ಬಂದ, ಇಲ್ಲಿದ್ದಾಗಲೇ ತಂದೆ ತೀರಿಕೊಂಡು ಚಕ್ರವರ್ತಿಯಾದ, ಬರ್ಲಿನ್ನಿಗೆ ಮರಳಿ 99 ದಿನ ಆಳಿ ಸತ್ತ. ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1896ರ ಡಿಸೆಂಬರ್ 10ರಂದು ಕೊನೆಯುಸಿರೆಳೆದದ್ದು ಸಾನ್‌ರೆಮೊದ ತನ್ನ ಮನೆಯಲ್ಲಿ. ಪಕ್ಕದ ಬೋರ್ದಿಗೇರಕ್ಕೆ 1884ರಲ್ಲಿ ಬಂದ ಚಿತ್ರಕಾರ ಕ್ಲೋದ್ ಮೊನೆ ಮೂರು ವಾರ ಇರುತ್ತೇನೆಂದವನು ಸುಮಾರು ಮೂರು ತಿಂಗಳು ತಾಳೆಗರಿಗಳ ಜೊತೆ ಗುದ್ದಾಡಿದ.

ಈ ಗುಂಪಿನಲ್ಲಿ ನಮಗೆ ಹತ್ತಿರದವನು ಎಡ್ವರ್ಡ್ ಲಿಯರ್. ಮಕ್ಕಳ ಅಸಂಬದ್ಧ ಪದ್ಯಗಳಿಗೆ ಹೆಸರಾದವನು, ಕಸುಬಿನಿಂದ ನಿಸರ್ಗ ಚಿತ್ರಕಾರ. 1870ರ ಹೊತ್ತಿಗೆ ಸಾನ್‌ರೆಮೊದಲ್ಲಿ ನೆಲೆ ನಿಂತ. ಗೆಳೆಯನಾಗಿದ್ದ ವೈಸರಾಯ್ ನಾರ್ತ್‌ಬ್ರೂಕ್ ಕರೆದನೆಂದು 1873ರಲ್ಲಿ ಭಾರತಕ್ಕೆ ಹೊರಟು ಒಂದು ವರ್ಷಕ್ಕೂ ಮೀರಿ ಸುತ್ತಿದ. 1874ರಲ್ಲಿ ಬೆಂಗಳೂರಿಗೂ ಬಂದು ಲಾಲ್‌ಬಾಗಿನ ಹೂಗಳನ್ನು ಮನಸಾರೆ ಮೆಚ್ಚಿಕೊಂಡು ಹೋದ. ಸಾನ್‌ರೆಮೊದ ಅವನ ಮೊದಲ ಮನೆ ವಿಲ್ಲಾ ಎಮಿಲಿ. ಅದರ ಮುಂದೆಯೇ ಒಂದು ಭಾರಿ ಹೋಟೆಲು ಎದ್ದು ಬೆಳಕು, ನೋಟ ಎರಡನ್ನೂ ನುಂಗಿತು. ಚಿತ್ರ ಬರೆಯುವವನಿಗೆ ಬೆಳಕು ಹೋದರೆ ಇನ್ನೇನು ಉಳಿಯಿತು? ಮನೆ ಬಿಟ್ಟು ದಂಡೆಗೆ ಇನ್ನೂ ಹತ್ತಿರ ವಿಲ್ಲಾ ಟೆನಿಸನ್ ಕಟ್ಟಿಸಿದ. ಈಗ ತನಗೂ ಸಮುದ್ರಕ್ಕೂ ನಡುವೆ ರಸ್ತೆ ಮತ್ತು ರೈಲುಹಳಿ ಬಿಟ್ಟರೆ ಏನೂ ಇಲ್ಲ, ಇನ್ನು ಮೀನುಗಳೇ ಮನೆ ಕಟ್ಟಲು ಹೊರಟರೆ ಮಾತ್ರ ಭಯ ಎಂಬ ಅರ್ಥದಲ್ಲಿ ಸ್ನೇಹಿತೆಗೆ ಕಾಗದ ಬರೆದ. 1888ರ ಜನವರಿಯಲ್ಲಿ ಆ ಮನೆಯಲ್ಲೇ ತೀರಿಕೊಂಡ. ಅವನು ನೆಚ್ಚಿಕೊಂಡಿದ್ದ ಆ ಹಳಿಯೇ ಈಗಿನ ಸೈಕಲ್ ದಾರಿ.

ರೈಲು ಬರುವಾಗ ರೋಗಿಗಳನ್ನು ತಂದರೆ ಹೋಗುವಾಗ ಹೂ ಒಯ್ಯುತ್ತಿತ್ತು. ಇಲ್ಲಿನ ಜನ ಶತಮಾನಗಳಿಂದ ಬೆಳೆದದ್ದು ನಿಂಬೆ ಮತ್ತು ಆಲಿವ್. ಹತ್ತಿರದ ತಾಜ್ಜಾ ಊರಿನ ಹೆಸರನ್ನೇ ಹೊತ್ತ ತಾಜ್ಜಾಸ್ಕಾ ಎಂಬ ಸಣ್ಣ ಆಲಿವ್ ಇವತ್ತಿಗೂ ಅಡುಗೆಮನೆಗಳಲ್ಲಿ ಮರ್ಯಾದೆ ಉಳಿಸಿಕೊಂಡಿದೆ. ಆದರೆ ಕೊಯ್ದ ಗುಲಾಬಿ, ಕಾರ್ನೇಷನ್ ಬಾಡುವ ಮೊದಲೇ ಉತ್ತರ ಯುರೋಪಿನ ನಗರಗಳನ್ನು ಮುಟ್ಟುವುದು ಸಾಧ್ಯ ಎಂದಾದಾಗ ರೈತರು ಲೆಕ್ಕ ಬದಲಿಸಿದರು. ಕಲ್ಲುಕಟ್ಟೆಯ ಮೆಟ್ಟಿಲುಗದ್ದೆಗಳ ಮೇಲೆ ಗಾಜಿನ ಮನೆಗಳು ಎದ್ದವು. 1925ರಲ್ಲಿ ಸಾನ್‌ರೆಮೊದಲ್ಲಿ ಹೂಕೃಷಿಯ ಪ್ರಯೋಗ ಕೇಂದ್ರ ಶುರುವಾದಾಗ ಅದರ ನಿರ್ದೇಶಕನಾಗಿದ್ದವನು ಮಾರಿಯೊ ಕಾಲ್ವಿನೊ. ಅವನ ಮಗ ಇತಾಲೊ ಕಾಲ್ವಿನೊ ಮುಂದೆ ಇಟಲಿಯ ದೊಡ್ಡ ಲೇಖಕನಾದ.

ತಾಳೆಮರದ್ದು ಇನ್ನೊಂದೇ ಕಥೆ. 1586ರಲ್ಲಿ ರೋಮಿನ ಸಂತ ಪೀಟರ್ ಚೌಕದಲ್ಲಿ ಈಜಿಪ್ಟಿನ ಕಲ್ಲುಕಂಬ ನಿಲ್ಲಿಸುವಾಗ ಯಾರೂ ತುಟಿ ಬಿಚ್ಚಬಾರದು, ಬಿಚ್ಚಿದವನಿಗೆ ಮರಣದಂಡನೆ ಎಂದು ಪೋಪ್ ಸಾರಿದ್ದನಂತೆ. ಕಂಬದ ಭಾರಕ್ಕೆ ಹಗ್ಗಗಳು ಕಾದು ಹರಿಯುವುದರಲ್ಲಿದ್ದಾಗ ಈ ಕಡೆಯ ಬ್ರೆಸ್ಕಾ ಎಂಬ ನಾವಿಕ ‘ಹಗ್ಗಕ್ಕೆ ನೀರು ಹೊಯ್ಯಿರಿ’ ಎಂದು ಕೂಗಿದ. ಕಂಬ ನಿಂತಿತು, ತಲೆ ಉಳಿಯಿತು. ಬಹುಮಾನವಾಗಿ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ವ್ಯಾಟಿಕನ್ನಿಗೆ ಗರಿ ಒದಗಿಸುವ ಹಕ್ಕು ಅವನ ಮನೆತನಕ್ಕೆ ಸಿಕ್ಕಿತು. ಕಂಬ ನಿಲ್ಲಿಸಿದ್ದು ಚರಿತ್ರೆ, ಕೂಗಿದ್ದು ದಂತಕಥೆ. ಗರಿಯ ಕಸುಬು ಮಾತ್ರ ಸುಳ್ಳಲ್ಲ. ಮರದ ತಲೆಯ ಎಲೆಗಳನ್ನು ಜುಟ್ಟು ಕಟ್ಟಿದಂತೆ ಒಟ್ಟಿಗೆ ಬಿಗಿದುಬಿಡುತ್ತಾರೆ. ಬಿಸಿಲು ತಾಗದೆ ಒಳಗೆ ಬೆಳೆದ ಎಳೆಗರಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಸೀಳಿ, ಮಡಚಿ, ಹೆಣೆದು ಮಾಡುವ ಅಲಂಕಾರಕ್ಕೆ ಇಲ್ಲಿನ ನುಡಿಯಲ್ಲಿ ಪರ್ಮುರೇಲಿ ಎನ್ನುತ್ತಾರೆ. ನಮ್ಮ ಕಡೆ ಮದುವೆ ಚಪ್ಪರಕ್ಕೆ ತೆಂಗಿನ ಗರಿ ಹೆಣೆದವರ ಬೆರಳಿಗೆ ಈ ಕೆಲಸ ಹೊಸದೆನಿಸಲಾರದು.

ಇಷ್ಟು ಹೊತ್ತೂ ಸೈಕಲ್ಲು ಎಲ್ಲಿತ್ತು? ಮಿಲಾನಿನಲ್ಲಿತ್ತು. ಎದೋವಾರ್ದೊ ಬಿಯಾಂಕಿ 1885ರಲ್ಲಿ ಅಲ್ಲೇ ಅಂಗಡಿ ಇಟ್ಟಿದ್ದ. 1894ರ ನವೆಂಬರ್ 8ರಂದು ಆ ನಗರದ 57 ಸೈಕಲ್ ಪ್ರಿಯರು ಸೇರಿ ಇಟಲಿಯ ಸೈಕಲ್ ಪ್ರವಾಸಿಗಳ ಸಂಘ ಕಟ್ಟಿದರು, ಹೆಸರು ಟೂರಿಂಗ್ ಕ್ಲಬ್ ಚಿಕ್ಲಿಸ್ತಿಕೊ ಇತಾಲಿಯಾನೊ. ಇಟಲಿ ಒಂದು ದೇಶವಾಗಿ ಮೂವತ್ತಮೂರು ವರ್ಷ ಕಳೆದಿತ್ತು. ಆದರೆ ಪಕ್ಕದ ಜಿಲ್ಲೆಗೆ ದಾರಿ ಯಾವುದು, ಕವಲಿನಲ್ಲಿ ಎಡಕ್ಕೋ ಬಲಕ್ಕೋ ಎಂದು ಹೇಳುವ ಫಲಕವೂ ಇರಲಿಲ್ಲ. ಕ್ಲಬ್ಬು ಫಲಕಗಳನ್ನು ನೆಟ್ಟಿತು, ದಾರಿಯ ಕೈಪಿಡಿಗಳನ್ನು ಅಚ್ಚು ಹಾಕಿಸಿತು, ಮುಂದೆ 1906ರಿಂದ ಇಡೀ ದೇಶದ ನಕ್ಷೆಯನ್ನು ಹಾಳೆಹಾಳೆಯಾಗಿ ಹೊರತಂದಿತು. ಇವತ್ತು ಇಟಲಿಯ ರಸ್ತೆಯಲ್ಲಿ ಕಾರಿನವರು ನೋಡಿಕೊಂಡು ಹೋಗುವ ಫಲಕಗಳ ಮೂಲ ಪುರುಷರು ಸೈಕಲ್ಲಿನವರು.

ಸರ್ಕಾರಕ್ಕೆ ಸೈಕಲ್ಲಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. 1898ರ ಮೇ ತಿಂಗಳಲ್ಲಿ ರೊಟ್ಟಿಯ ಬೆಲೆ ಏರಿ ಮಿಲಾನಿನಲ್ಲಿ ಜನ ಬೀದಿಗಿಳಿದಾಗ ಫಿರಂಗಿ ಹಾರಿಸಿದ ಜನರಲ್ ಬಾವಾ ಬೆಕ್ಕಾರಿಸ್ ಹೊರಡಿಸಿದ ಆಜ್ಞೆಗಳಲ್ಲಿ ಸೈಕಲ್ ಓಡಿಸುವುದಕ್ಕೆ ನಿಷೇಧವೂ ಸೇರಿತ್ತು. ಸುದ್ದಿ ಹೊತ್ತು ಓಡಾಡುವವರು ಸೈಕಲ್ಲಿನವರೇ ಎಂಬ ಗುಮಾನಿ. ಆದರೆ ಎರಡೇ ವರ್ಷದಲ್ಲಿ, 1900ರಲ್ಲಿ, ಸೈಕಲ್ಲಿಗೆ ಇನ್ನೊಂದು ಪೆಟ್ಟು ತನ್ನ ಮನೆಯಿಂದಲೇ ಬಿತ್ತು. ಕ್ಲಬ್ಬು ತನ್ನ ಹೆಸರಿನಿಂದ ‘ಚಿಕ್ಲಿಸ್ತಿಕೊ’ ಎಂಬ ಪದ ಕಿತ್ತುಹಾಕಿತು. ಮೋಟಾರು ಬರುತ್ತಿತ್ತು, ದುಡ್ಡಿದ್ದ ಸದಸ್ಯರ ಕಣ್ಣು ಆಗಲೇ ಅದರ ಮೇಲಿತ್ತು.

ಮೋಟಾರಿಗಿಂತ ಮೊದಲೇ ಈ ಕರಾವಳಿಯಲ್ಲಿ ಹೆಸರು ಗಿಟ್ಟಿಸಿದ್ದು ಮಾತ್ರ ಸೈಕಲ್ಲೇ. ಮಿಲಾನಿನಿಂದ ಸಾನ್‌ರೆಮೊಗೆ ಮೊದಲು ಕಾರುಗಳ ಪಂದ್ಯ ಇಟ್ಟು ಸಂಘಟಕರು ಕೈ ಸುಟ್ಟುಕೊಂಡರು. ಹೊರಟ ಕಾರುಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಕೆಟ್ಟು ನಿಂತವು. ಆಗ ‘ಗಜೆತ್ತಾ ದೆಲ್ಲೊ ಸ್ಪೋರ್ಟ್’ ಪತ್ರಿಕೆ ಸೈಕಲ್ಲಿನಲ್ಲಿ ಪ್ರಯತ್ನಿಸಿತು. 1907ರ ಏಪ್ರಿಲ್ 14ರ ನಸುಕಿನಲ್ಲಿ ಕೆಟ್ಟ ಹವೆಯಲ್ಲಿ 33 ಮಂದಿ ಹೊರಟರು. 280 ಕಿಲೋಮೀಟರಿಗೂ ಮೀರಿದ ದಾರಿ, ಮಧ್ಯೆ ಅಪೆನೈನ್ ಬೆಟ್ಟಗಳ ತುರ್ಕೀನೊ ಘಾಟಿ, ಅದು ಇಳಿದರೆ ಕಡಲು, ಆಮೇಲೆ ಧೂಳು ಮಣ್ಣಿನ ಕರಾವಳಿ ರಸ್ತೆ. ಹನ್ನೊಂದು ಗಂಟೆ ಮೀರಿ ತುಳಿದು ಗೆದ್ದವನು ಲೂಸಿಯೆನ್ ಪೆತಿ-ಬ್ರೆತೋಂ ಎಂಬ ಫ್ರೆಂಚ್ ಯುವಕ. ಅವನ ನಿಜವಾದ ಹೆಸರು ಮಜಾಂ. ಸೈಕಲ್ ಪಂದ್ಯವೆಂದರೆ ಉರಿದುಬೀಳುತ್ತಿದ್ದ ಅಪ್ಪನ ಕಣ್ಣು ತಪ್ಪಿಸಲು ಹೆಸರು ಬದಲಿಸಿಕೊಂಡಿದ್ದ. ಗೆಲುವೂ ಅಷ್ಟು ಶುದ್ಧವಾಗಿರಲಿಲ್ಲ. ಒಂದೇ ಕಂಪನಿಯ ಕಡೆಯಿಂದ ಓಡುತ್ತಿದ್ದ ಜೆರ್ಬಿ ಕೊನೆಯಲ್ಲಿ ಎದುರಾಳಿಯನ್ನು ಹಿಡಿದೆಳೆದು ಪೆತಿ-ಬ್ರೆತೋಂಗೆ ದಾರಿ ಬಿಡಿಸಿಕೊಟ್ಟ. ಎರಡನೆಯವನಾಗಿ ಬಂದ ಜೆರ್ಬಿಯನ್ನು ಮೂರನೇ ಸ್ಥಾನಕ್ಕೆ ಇಳಿಸಿದರು, ಗೆದ್ದವನ ಗೆಲುವಿಗೆ ಏನೂ ಆಗಲಿಲ್ಲ.

ಮೂರು ವರ್ಷದ ನಂತರದ ಓಟ ಇನ್ನೂ ಘೋರ. 1910ರಲ್ಲಿ ತುರ್ಕೀನೊ ಘಾಟಿಯ ಮೇಲೆ ಹಿಮ ಕಾಲುಗಂಟು ಮುಳುಗುವಷ್ಟು ಬಿದ್ದಿತ್ತು. ಎಜೆನ್ ಕ್ರಿಸ್ತೋಫ್ ಎಂಬವನು ಬೆರಳು ಮರಗಟ್ಟಿ, ಹೊಟ್ಟೆ ಹಿಡಿದುಕೊಂಡು ಬಂಡೆಗೊರಗಿ ನಿಂತಿದ್ದಾಗ ದಾರಿಯ ಪಕ್ಕದ ಹೋಟೆಲಿನವನು ಒಳಗೆ ಕರೆದೊಯ್ದು ಒದ್ದೆ ಬಟ್ಟೆ ಬಿಚ್ಚಿಸಿ ಕಂಬಳಿ ಸುತ್ತಿದ. ಒಂದಿಷ್ಟು ಬಿಸಿಯಾದ ಮೇಲೆ ಕ್ರಿಸ್ತೋಫ್ ಅವನದೇ ಉದ್ದ ಪ್ಯಾಂಟು ಇಸಿದುಕೊಂಡು ಮತ್ತೆ ಸೈಕಲ್ ಹತ್ತಿದ. ಹನ್ನೆರಡು ಗಂಟೆ ಮೀರಿ ತುಳಿದು ಸಾನ್‌ರೆಮೊ ಸೇರಿದಾಗ ತಾನೇ ಮೊದಲಿಗ ಎಂಬುದು ಅವನಿಗೇ ಆಶ್ಚರ್ಯ. ಎರಡನೆಯವನು ಬರಲು ಒಂದು ಗಂಟೆ ಹಿಡಿಯಿತು. ಊರು ಮುಟ್ಟಿದವರು ಬೆರಳೆಣಿಕೆ. ಕ್ರಿಸ್ತೋಫ್ ಅಲ್ಲಿಂದ ಆಸ್ಪತ್ರೆ ಸೇರಿದ, ಮೊದಲಿನ ಹುರುಪಿಗೆ ಬರಲು ವರ್ಷಗಳೇ ಬೇಕಾದವು.

ಈ ಪಂದ್ಯಕ್ಕೆ ಇಟಲಿಯವರು ಕ್ಲಾಸಿಚಿಸ್ಸಿಮಾ ಎಂದು ಹೆಸರಿಟ್ಟು ಜಾತ್ರೆಯ ಹಾಗೆ ನಡೆಸಿಕೊಂಡು ಬಂದಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರ ಮಾರ್ಚಿನಲ್ಲಿ, ಬಾಂಬಿನಿಂದ ಜರ್ಜರಿತವಾದ ರಸ್ತೆಗಳಲ್ಲಿ, ಫಾಉಸ್ತೊ ಕೊಪ್ಪಿ 14 ನಿಮಿಷ ಮುಂದಾಗಿ ಗೆದ್ದ. ಮುಂದಿನವನು ಬರುವವರೆಗೆ ರೇಡಿಯೋದವರು ಸಂಗೀತ ಹಾಕಿದರು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ. ಬೆಲ್ಜಿಯಮ್ಮಿನ ಎದ್ದಿ ಮರ್ಕ್ಸ್ ಏಳು ಸಲ ಗೆದ್ದದ್ದು ಯಾರೂ ಮುಟ್ಟದ ದಾಖಲೆ. ರಸ್ತೆಗೆ ಟಾರು ಬಂದು ಸೈಕಲ್ಲು ಹಗುರಾಗಿ ಪಂದ್ಯ ಸಪ್ಪೆಯಾಗತೊಡಗಿದಾಗ 1960ರಲ್ಲಿ ಸಾನ್‌ರೆಮೊ ನೆತ್ತಿಯ ಒಂದು ಏರನ್ನು ಸೇರಿಸಿದರು, 1982ರಲ್ಲಿ ಚಿಪ್ರೆಸ್ಸಾ ಎಂಬ ಇನ್ನೊಂದನ್ನು. ಗಾಜಿನ ಹೂಮನೆಗಳ ನಡುವೆ ನುಲಿದು ಹತ್ತುವ ಆ ಮೊದಲನೆಯ ಏರಿನ ಹೆಸರು ಪೊಜ್ಜೊ. ಅಂದರೆ ದಿಬ್ಬ. ಜೆಫರ್‌ಸನ್ನನ ಭತ್ತ ಹೊತ್ತವನಿಗೂ ಅದೇ ಹೆಸರಿದ್ದದ್ದು ಬರೀ ಕಾಕತಾಳೀಯ.

ಪಂದ್ಯದವರಿಗೆ ವರ್ಷಕ್ಕೊಂದು ದಿನ ರಸ್ತೆ ಬಿಡಿಸಿಕೊಡುತ್ತಾರೆ. ಉಳಿದ 364 ದಿನ ಕ್ಯಾರಿಯರಿಗೆ ಚೀಲ ಕಟ್ಟಿಕೊಂಡು ಬರುವ ಸಾಮಾನ್ಯ ಸವಾರನ ಪಾಡೇನು? ಯುದ್ಧದ ನಂತರ ಇಟಲಿಯಲ್ಲಿ ದುಡ್ಡು ಓಡಾಡತೊಡಗಿತು, ಸ್ಕೂಟರು ಬಂತು, ಸಣ್ಣ ಫಿಯೆಟ್ ಬಂತು, ಬೇಸಿಗೆಯಲ್ಲಿ ತೂರಿನೊ ಮತ್ತು ಮಿಲಾನಿನ ಅರ್ಧ ಊರು ಈ ದಂಡೆಗೆ ಇಳಿಯತೊಡಗಿತು. ನಿಂಬೆ ತೋಟಗಳು ಫ್ಲ್ಯಾಟುಗಳಾದವು. ಇತಾಲೊ ಕಾಲ್ವಿನೊ 1957ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆಯ ವಸ್ತುವೇ ಇದು: ತಮ್ಮ ತೋಟದ ತುಂಡನ್ನು ಕಂಟ್ರಾಕ್ಟರನಿಗೆ ಮಾರುವ ಒಂದು ಕುಟುಂಬ, ಕಣ್ಣೆದುರೇ ಏಳುವ ಸಿಮೆಂಟು. ಜೆಫರ್‌ಸನ್ ಕನಸಿದ ಒಂದೇ ಊರು ಕೊನೆಗೂ ತಯಾರಾಯಿತು. 1971ರ ಹೊತ್ತಿಗೆ ಬೆಟ್ಟದ ಸೊಂಟದಲ್ಲಿ ಸುರಂಗ, ಸೇತುವೆ, ಸುರಂಗ ಎಂದು ಹೊಲಿಗೆ ಹಾಕಿದಂತೆ ‘ಹೂಗಳ ಹೆದ್ದಾರಿ’ ಹಾದುಹೋಯಿತು. ಅವಸರದ ಕಾರುಗಳು ಮೇಲೆ ಹತ್ತಿದವು. ಆದರೂ ಕೆಳಗಿನ ಹಳೇ ರಸ್ತೆ, ಆಉರೇಲಿಯಾ, ಖಾಲಿಯಾಗಲಿಲ್ಲ. ಅಂಗಡಿಯ ಲಾರಿ, ಊರಿನ ಬಸ್ಸು, ಸ್ಕೂಟರಿನ ಹುಡುಗರು ಅಲ್ಲೇ ಉಳಿದರು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಟುಗೋಡೆ, ಮಧ್ಯೆ ಸೈಕಲ್ಲಿನವನು ಮೊಣಕೈ ಮಡಚಿಕೊಂಡು ಹೋಗಬೇಕು.

ಬಿಡುಗಡೆ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಒಂಟಿ ಹಳಿಯ ಮೇಲೆ ಒಂದು ರೈಲು ದಾಟುವವರೆಗೆ ಇನ್ನೊಂದು ಸ್ಟೇಷನ್ನಿನಲ್ಲಿ ಕಾಯಬೇಕಿತ್ತು. ಚಳಿಗಾಲದ ಅಲೆ ಗೋಡೆ ಕೊರೆಯುತ್ತಿತ್ತು, ಮಳೆಗೆ ಗುಡ್ಡ ಜರಿಯುತ್ತಿತ್ತು. ಫ್ರಾನ್ಸಿಗೆ ಹೋಗುವ ಮುಖ್ಯ ಮಾರ್ಗ ಇನ್ನೂ ಎಷ್ಟು ದಿನ ಹೀಗೆ? 2001ರ ಸೆಪ್ಟೆಂಬರಿನಲ್ಲಿ ಸಾನ್ ಲೊರೆಂಜೊದಿಂದ ಒಸ್ಪೆದಲೆತ್ತಿಯವರೆಗಿನ ರೈಲನ್ನು ಜೋಡಿ ಹಳಿ ಹಾಕಿ ಬೆಟ್ಟದೊಳಕ್ಕೆ ಕಳಿಸಿದರು. ಸಾನ್‌ರೆಮೊದ ಹೊಸ ಸ್ಟೇಷನ್ ನೆಲದಡಿಯಲ್ಲಿದೆ, ಬಾಗಿಲಿನಿಂದ ಪ್ಲಾಟ್‌ಫಾರಮ್ಮಿಗೆ ಗುಹೆಯಂಥ ಮೊಗಸಾಲೆಯಲ್ಲಿ ಎಷ್ಟು ನಡೆದರೂ ಮುಗಿಯುವುದಿಲ್ಲ. ರೈಲು ಬೇಗ ತಲುಪುತ್ತದೆ ನಿಜ. ಆದರೆ ಮೊದಲು ಕಿಟಕಿಗೆ ಮೂಗು ಒತ್ತಿ ಸಮುದ್ರ ನೋಡುತ್ತಿದ್ದ ಮಗು ಈಗ ಗಾಜಿನಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳಬೇಕು.

ಕೆಳಗೆ ಉಳಿದದ್ದು ಜಲ್ಲಿಕಲ್ಲು, ತುಕ್ಕು ಹಿಡಿದ ಹಳಿ, ಬೀಗ ಹಾಕಿದ ಸ್ಟೇಷನ್ನುಗಳು. ಕಡಲಿಗೆ ಅಂಟಿಕೊಂಡ ಇಂಥ ಜಾಗದ ಮೇಲೆ ಯಾರ್‍ಯಾರ ಕಣ್ಣು ಬಿದ್ದಿರಬಹುದು ಎಂದು ಕಾಲ್ವಿನೊನ ಕಥೆ ಓದಿದವರಿಗೆ ಹೇಳಬೇಕಾಗಿಲ್ಲ. ಕೊನೆಗೆ ಅದು ಸಾರ್ವಜನಿಕ ಕರಾವಳಿ ಉದ್ಯಾನವಾಯಿತು. 2008ರಿಂದ ತುಂಡುತುಂಡಾಗಿ ದಾರಿ ತೆರೆಯುತ್ತ ಹೋದರು. ಜನ ಅದನ್ನು ಬರೀ ಚಿಕ್ಲಾಬಿಲೆ ಎನ್ನುತ್ತಾರೆ, ಸೈಕಲ್ ದಾರಿ ಅಂತಷ್ಟೇ ಅರ್ಥ. 2015ರ ಮೇ 9ರಂದು ಇಟಲಿಯ ಮಹಾ ಪ್ರವಾಸ ಪಂದ್ಯ ‘ಜಿರೊ’ ಶುರುವಾದದ್ದು ಇದೇ ದಾರಿಯಲ್ಲಿ. ಸಾನ್ ಲೊರೆಂಜೊದಿಂದ ಸಾನ್‌ರೆಮೊಗೆ 17.6 ಕಿಲೋಮೀಟರಿನ ತಂಡಗಳ ಓಟವದು, ಗೆದ್ದದ್ದು ಆಸ್ಟ್ರೇಲಿಯದ ತಂಡ.

ಅವಸರವಿಲ್ಲದವರಿಗೆ ಈ 24 ಕಿಲೋಮೀಟರಿಗೆ ಒಂದು ದಿನವೂ ಸಾಲದು. ಅರ್ಮಾ ದಿ ತಾಜ್ಜಾದ ಹತ್ತಿರ ನಿಲ್ಲಿಸಿ ಫಾರಿನಾತಾ ತಿನ್ನಬಹುದು. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲ ತಾಮ್ರದ ತಟ್ಟೆಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸಿದ್ದು. ಅಂಚು ಗರಿಗರಿ, ನಡು ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ನಮ್ಮ ನಾಲಿಗೆ ಇದನ್ನು ದೋಸೆಯ ನಂಟಿಯೆಂದು ಕೂಡಲೇ ಗುರುತಿಸುತ್ತದೆ, ಚಟ್ನಿ ಎಲ್ಲಿ ಎಂದು ಹುಡುಕುತ್ತದೆ. ಅಲ್ಲಿಂದ ಮುಂದೆ ಬುಸ್ಸಾನ. ದಾರಿಯ ಪಕ್ಕದ್ದು ಹೊಸ ಊರು, ಹಳೆಯದು ಮೇಲೆ ದಿಬ್ಬದಲ್ಲಿದೆ. 1887ರ ಫೆಬ್ರವರಿ 23, ಕಾರ್ನಿವಾಲ್ ಮುಗಿದ ಮರುದಿನದ ಬೂದಿ ಬುಧವಾರ, ಬೆಳಗ್ಗೆ ಜನ ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಸೇರಿದ್ದಾಗ ಭೂಮಿ ನಡುಗಿ ಚಾವಣಿ ಕುಸಿಯಿತು. ಆ ಒಂದು ಊರಿನಲ್ಲೇ ಐವತ್ತಕ್ಕೂ ಹೆಚ್ಚು ಸಾವು. ಉಳಿದವರು ಕೆಲವು ವರ್ಷಗಳಲ್ಲಿ ಊರು ತೊರೆದು ಕಡಲ ಕಡೆಗೆ ಇಳಿದುಬಂದರು. ಪಾಳು ಮನೆಗಳಲ್ಲಿ ಸುಮಾರು ಎಪ್ಪತ್ತು ವರ್ಷದ ಮೇಲೆ ಚಿತ್ರಕಾರರು, ಶಿಲ್ಪಿಗಳು ಬಂದು ಒಲೆ ಹಚ್ಚಿದರು. ಆ ಇಗರ್ಜಿಗೆ ಮಾತ್ರ ಇಂದಿಗೂ ಚಾವಣಿಯಿಲ್ಲ.

ಒಂದು ಮಾತು ಮುಚ್ಚಿಡಬಾರದು. ಬೇಸಿಗೆಯ ಭಾನುವಾರಗಳಲ್ಲಿ ಈ ದಾರಿ ಶಾಂತವೂ ಅಲ್ಲ, ಖಾಲಿಯೂ ಅಲ್ಲ. ತಳ್ಳುಗಾಡಿಯ ಕೂಸು, ಸ್ಕೇಟಿಂಗ್ ಹುಡುಗಿ, ಒದ್ದೆ ಟವೆಲ್ ಹೊದ್ದು ಬರಿಗಾಲಲ್ಲಿ ಅಡ್ಡ ದಾಟುವವರು, ಇಡೀ ಕುಟುಂಬವನ್ನು ಕೂರಿಸಿಕೊಂಡು ಅಡ್ಡಾದಿಡ್ಡಿ ಬರುವ ನಾಲ್ಕು ಚಕ್ರದ ಬಾಡಿಗೆ ಸೈಕಲ್ಲು. ದೂರದ ಸವಾರರು ಅಕ್ಟೋಬರ್ ಅಥವಾ ಮಾರ್ಚ್ ಆರಿಸಿಕೊಳ್ಳುವುದು ಅದಕ್ಕೇ. ಬಿಸಿಲು ಮೆತ್ತಗಿರುತ್ತದೆ, ಕೋಣೆ ಅಗ್ಗಕ್ಕೆ ಸಿಗುತ್ತದೆ. ಲಿಯರನ ಕಾಲದ ಸೀಸನ್ ಸೈಕಲ್ಲಿನವರಿಂದಾಗಿ ಹೀಗೆ ಅರ್ಧ ಮರಳಿ ಬಂದಿದೆ.

2016ರ ಡಿಸೆಂಬರಿನಲ್ಲಿ ಇನ್ನೊಂದು ತುಂಡು, ಅಂದೋರದಿಂದ ಸಾನ್ ಲೊರೆಂಜೊವರೆಗಿನ ರೈಲು, ಬೆಟ್ಟದೊಳಗೆ ಹೋಯಿತು. ಅಲ್ಲಿನ ಹಳೇ ಹಳಿಯ ಜಾಗವೂ ಸ್ವಲ್ಪಸ್ವಲ್ಪವಾಗಿ ಸೈಕಲ್ಲಿಗೆ ಸಿಗುತ್ತಿದೆ. ಆದರೆ ಅಂದೋರದಿಂದ ಪೂರ್ವಕ್ಕೆ ಫಿನಾಲೆ ಲಿಗೂರೆಯವರೆಗೆ ಇನ್ನೂ ಅದೇ ಹಳೇ ಒಂಟಿ ಹಳಿ, ಅಲೆಯ ಪಕ್ಕದಲ್ಲೇ. ಅದನ್ನೂ ಒಳಗೆ ಕಳಿಸುವ ಯೋಜನೆ ಬಹುಕಾಲದಿಂದ ಕಾಗದದ ಮೇಲಿದೆ. ಅಲ್ಲಿಯವರೆಗೆ ಸೈಕಲ್ಲಿನವನಿಗೆ ಆಉರೇಲಿಯಾ ರಸ್ತೆಯೇ ಗತಿ. ಅವನು ಲಾರಿಗಳ ಜೊತೆ ‘ಕಾಪೊ ಮೇಲೆ’ ಎಂಬ ಹೆಸರಿನ ಭೂಶಿರ ಹತ್ತಿ ಇಳಿದು, ಬೆವರೊರೆಸಿಕೊಳ್ಳುತ್ತ ಅಲಾಸ್ಸಿಯೊ ಹಾದುಹೋಗುವಾಗ ಅಲ್ಲಿನ ಸ್ಟೇಷನ್ನಿನಲ್ಲಿ ರೈಲು ನಿಂತಿರುತ್ತದೆ, ಎದುರಿನಿಂದ ಬರುವ ರೈಲಿಗೆ ಕಾಯುತ್ತ. ಕಿಟಕಿಯಲ್ಲಿ ಜನ ಸಮುದ್ರ ನೋಡುತ್ತಿರುತ್ತಾರೆ.